ಸುತ್ತಿಗೂ ಒಬ್ಬ ಮೇಲ್ವಿಚಾರಕ ಬೇಕು: ತಾನೇ ನಡೆಯುವ ನೆಟ್‌ವರ್ಕ್‌ಗಳ ಪಾಠ

ನಮ್ಮ ಕಾಲೇಜಿನ ವಾಣಿಜ್ಯ ವೇದಿಕೆಯ ಸೆಮಿನಾರಿಗೆ ನಾನು ಈ ವಿಷಯ ಆರಿಸಿಕೊಂಡಾಗ ಸೈನ್ಸ್ ವಿಭಾಗದ ಗೆಳೆಯರು ನಕ್ಕರು. "ಡೆಬಿಟ್ ಕ್ರೆಡಿಟ್ ಬರೆಯೋರಿಗೆ ನೆಟ್‌ವರ್ಕ್ ಯಾಕೆ?" ಎಂದು ಒಬ್ಬ ಕೇಳಿಯೇ ಬಿಟ್ಟ. ಮಾತು ಮುಗಿದ ಮೇಲೆ ನೋಟ್ಸ್ ಕೇಳಲು ಬಂದವನೂ ಅವನೇ. ಅವನಿಗಾಗಿ, ಮತ್ತು ವಾರ್ತಾಪತ್ರಕ್ಕೆ ಬರೆದುಕೊಡು ಎಂದ ಸಂಪಾದಕ ಸರ್‌ಗಾಗಿ, ಅಂದು ಹೇಳಿದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಕನ್ನಡದ ತಪ್ಪುಗಳನ್ನು ಕನ್ನಡ ಮೇಡಂ ತಿದ್ದಿಕೊಟ್ಟಿದ್ದಾರೆ. ವಿಷಯದಲ್ಲಿ ತಪ್ಪಿದ್ದರೆ ಅದು ನನ್ನದು.

ಮೊದಲು ನಮ್ಮ ಮನೆಯ ನೀರಿನ ಟ್ಯಾಂಕಿನ ಕಥೆ ಹೇಳುತ್ತೇನೆ. ನಮ್ಮ ಬೀದಿಗೆ ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುತ್ತದೆ. ಅದು ಸಂಪಿಗೆ ಬಿದ್ದು, ಅಲ್ಲಿಂದ ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಏರಬೇಕು. ಮೋಟಾರ್ ಹಾಕಿ ಮರೆಯುವುದು, ಟ್ಯಾಂಕ್ ತುಂಬಿ ಪಕ್ಕದ ಮನೆಯವರ ಗೋಡೆಯ ಮೇಲೆ ನೀರು ಸುರಿಯುವುದು, ಅಮ್ಮಿ ಕೂಗುವುದು, ಇದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು. ಹೋದ ವರ್ಷ ಅಬ್ಬಾ ಒಂದು ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿದರು. ಟ್ಯಾಂಕಿನೊಳಗೆ ಎರಡು ಮಟ್ಟದಲ್ಲಿ ಸೆನ್ಸಾರ್. ನೀರು ಕೆಳಗಿನ ಸೆನ್ಸಾರಿಗಿಂತ ಇಳಿದರೆ ಮೋಟಾರ್ ಶುರು, ಮೇಲಿನ ಸೆನ್ಸಾರಿಗೆ ಮುಟ್ಟಿದರೆ ಬಂದ್. ಹಾಕಿಕೊಟ್ಟ ಎಲೆಕ್ಟ್ರಿಷಿಯನ್ "ಇಲ್ಲಿಯ ನೀರು ಗಡಸು, ತಿಂಗಳಿಗೊಮ್ಮೆ ಸೆನ್ಸಾರ್ ಒರೆಸಿ" ಎಂದು ಹೇಳಿ ಹೋದ. ಆ ಕೆಲಸ ನನ್ನ ಪಾಲಿಗೆ ಬಂತು. ಎರಡು ತಿಂಗಳು ಮಾಡಿದೆ. ಆಮೇಲೆ ಪರೀಕ್ಷೆ ಎಂದು ಬಿಟ್ಟೆ, ಪರೀಕ್ಷೆ ಮುಗಿದ ಮೇಲೆ ಮರೆತೆ.

ಒಂದು ರಾತ್ರಿ ಮೇಲಿನ ಸೆನ್ಸಾರಿನ ಮೇಲೆ ಸುಣ್ಣದಂತಹ ಪದರ ಕಟ್ಟಿಕೊಂಡು, ನೀರು ಮುಟ್ಟಿದರೂ ಅದಕ್ಕೆ ತಿಳಿಯಲಿಲ್ಲ. ಟ್ಯಾಂಕ್ ತುಂಬಿದರೂ ಕಂಟ್ರೋಲರಿನ ಲೆಕ್ಕದಲ್ಲಿ ಅದು ಇನ್ನೂ ತುಂಬಿರಲಿಲ್ಲ. ಮೋಟಾರ್ ಓಡುತ್ತಲೇ ಇತ್ತು. ಸಂಪು ಖಾಲಿಯಾಯಿತು, ನೀರಿಲ್ಲದೆ ಓಡಿದ ಮೋಟಾರಿನ ವೈಂಡಿಂಗ್ ಸುಟ್ಟಿತು. ರಂಜಾನ್ ತಿಂಗಳು. ಸಹರಿಗೆ ಎದ್ದ ಅಮ್ಮಿ ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರಿತ್ತು. ಆದರೆ ಮೋಟಾರಿನ ಕಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ರಿಪೇರಿಗೆ 3,800 ರೂಪಾಯಿ, ಮೇಲೆ ಒಂದು ಟ್ಯಾಂಕರ್ ನೀರು. ನಾನು ಕಂಟ್ರೋಲರನ್ನು ಬೈಯುತ್ತಿದ್ದೆ. ಅಬ್ಬಾ ಒಂದೇ ಮಾತು ಹೇಳಿದರು: "ಉನೆ ಬೋಲೆ ಸೋ ಕಾಮ್‌ಚ್ ಕರ್ಯಾ." ಅಂದರೆ, ಅದು ಹೇಳಿದ ಕೆಲಸವನ್ನೇ ಮಾಡಿತು.

ಈ ಮಾತನ್ನು ನಮ್ಮ ಖಾಲಾ ಮಗ, ನಾವೆಲ್ಲ ಭಾಯಿ ಎನ್ನುವವರು, ಈದ್‌ಗೆ ಊರಿಗೆ ಬಂದಾಗ ಹೇಳಿದೆ. ಅವರು ಬೆಂಗಳೂರಿನಲ್ಲಿ ಒಂದು ಟೆಲಿಕಾಂ ಕಂಪನಿಯ ನೆಟ್‌ವರ್ಕ್ ನಿಗಾ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. "ನಮ್ಮ ಕೆಲಸವೂ ಇದೇ ಟ್ಯಾಂಕ್, ಆದರೆ ಸಾವಿರಾರು ಟ್ಯಾಂಕ್" ಎಂದು ನಕ್ಕರು. ಈ ಲೇಖನ ಶುರುವಾದದ್ದು ಅಲ್ಲಿಂದ.

ನಮ್ಮ ಪಠ್ಯದಲ್ಲಿಯೇ ಇದೆ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ 'ನಿಯಂತ್ರಣ' ಎಂಬ ಅಧ್ಯಾಯವಿದೆ. ಐದು ಹಂತಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಮಾನದಂಡ ಹಾಕುವುದು, ನಿಜವಾದ ಕೆಲಸವನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ವ್ಯತ್ಯಾಸದ ಕಾರಣ ಹುಡುಕುವುದು, ಸರಿಪಡಿಸುವುದು. ಸರಿಪಡಿಸಿದ ಮೇಲೆ ಮತ್ತೆ ಅಳೆಯಬೇಕು. ಆದ್ದರಿಂದ ಇದು ನೇರ ಗೆರೆಯಲ್ಲ, ಸುತ್ತು. ಎಂಜಿನಿಯರುಗಳು ಇದನ್ನೇ ಕಂಟ್ರೋಲ್ ಲೂಪ್ ಎನ್ನುತ್ತಾರೆ. ನಾನು ಇಲ್ಲಿ 'ನಿಯಂತ್ರಣ ಸುತ್ತು' ಎಂದು ಬರೆಯುತ್ತೇನೆ. ಟ್ಯಾಂಕಿನಲ್ಲಿ ಮಾನದಂಡ ಎಂದರೆ ನೀರಿನ ಮಟ್ಟ, ಅಳತೆ ಸೆನ್ಸಾರಿನದು, ಸರಿಪಡಿಸುವುದು ಮೋಟಾರ್.

ಯಂತ್ರದ ಕೈಗೆ ಈ ಸುತ್ತನ್ನು ಕೊಟ್ಟ ಹೆಸರಾಂತ ಉದಾಹರಣೆ 1788ರದು. ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ನಿಗೆ ಎರಡು ಗುಂಡುಗಳು ತಿರುಗುವ ಗವರ್ನರ್ ಅಳವಡಿಸಿದ. ಎಂಜಿನ್ ವೇಗವಾದರೆ ಗುಂಡುಗಳು ಹೊರಕ್ಕೆ ಹಾರುತ್ತವೆ, ಅವು ಹಾರಿದರೆ ಉಗಿಯ ಬಾಗಿಲು ಕಿರಿದಾಗುತ್ತದೆ, ವೇಗ ಇಳಿಯುತ್ತದೆ. ಆದರೆ ಕೆಲವು ಗವರ್ನರುಗಳು ವೇಗವನ್ನು ನಿಲ್ಲಿಸುವ ಬದಲು ಮೇಲೆ ಕೆಳಗೆ ತೂಗಾಡಿಸುತ್ತಿದ್ದವು. ಅದು ಏಕೆ ಎಂದು ಗಣಿತದಿಂದ ವಿವರಿಸಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಒಂದು ಪ್ರಬಂಧ ಬರೆದ. ಗಣಿತ ನನಗೆ ಬಿಡಿ, ವಿಷಯ ಮಾತ್ರ ಹಿಡಿದುಕೊಳ್ಳೋಣ: ನಿಯಂತ್ರಿಸಲು ಇಟ್ಟ ಸಾಧನವೇ ತೊಂದರೆ ಕೊಡಬಹುದು ಎಂಬುದು 150 ವರ್ಷಗಳ ಹಿಂದೆಯೇ ಗೊತ್ತಿತ್ತು.

ಸುತ್ತಿನ ಭಾಗಗಳಿಗೆ ನಾನು ನಾಲ್ಕು ಪದ ಇಟ್ಟುಕೊಂಡಿದ್ದೇನೆ: ನಿಗಾ, ತಾಳೆ, ಹುಕುಂ, ಜಾರಿ. ನಿಗಾ ಇಡು, ಬಂದ ಅಂಕಿಯನ್ನು ತಾಳೆ ನೋಡು, ಏನು ಮಾಡಬೇಕೆಂದು ಹುಕುಂ ಕೊಡು, ಅದನ್ನು ಜಾರಿಗೆ ತಾ. ಸೆಮಿನಾರಿಗೆ ಮನೆಯಲ್ಲಿ ತಾಲೀಮು ಮಾಡುತ್ತಿದ್ದಾಗ ನಮ್ಮ ನಾನಿ ಕೇಳುತ್ತಾ ಕುಳಿತಿದ್ದರು. ಅವರಿಗೆ ಸಂತೆಯ ಕನ್ನಡ ಬಿಟ್ಟರೆ ಹೆಚ್ಚು ಬರುವುದಿಲ್ಲ. "ಇದರಲ್ಲಿ ಮೂರು ನಮ್ಮವೇ ಅಲ್ಲವಾ?" ಎಂದರು. ನಿಜ, ನಿಗಾ, ಹುಕುಂ, ಜಾರಿ ಮೂರೂ ಉರ್ದುವಿನಲ್ಲೂ ಇವೆ. ತಾಳೆ ಮಾತ್ರ ನಾನಿಗೆ ಹೊಸದು. ಕಾಮರ್ಸ್‌ನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ನೆಟ್‌ವರ್ಕ್‌ಗೆ ಇದು ಏಕೆ ಬೇಕಾಯಿತು

ಮೊದಲು ಟೆಲಿಕಾಂ ಕಂಪನಿಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ಕರೆಗಳನ್ನು ಜೋಡಿಸಲು ಒಂದು, ಬೇಡದ ಸಂಚಾರ ತಡೆಯುವ ಫೈರ್‌ವಾಲ್‌ಗೆ ಇನ್ನೊಂದು. ಸಾಮರ್ಥ್ಯ ಸಾಲದಿದ್ದರೆ ಹೊಸ ಪೆಟ್ಟಿಗೆ ತರಿಸಬೇಕು, ಅದಕ್ಕೆ ತಿಂಗಳುಗಳು. 2012ರ ಅಕ್ಟೋಬರಿನಲ್ಲಿ ಜಗತ್ತಿನ ಹಲವು ದೊಡ್ಡ ಟೆಲಿಕಾಂ ಕಂಪನಿಗಳು ಸೇರಿ ಒಂದು ಶ್ವೇತಪತ್ರ ಹೊರಡಿಸಿದವು. ಈ ಪೆಟ್ಟಿಗೆಗಳ ಕೆಲಸವನ್ನು ಸಾಫ್ಟ್‌ವೇರ್ ಆಗಿ ಬರೆದು ಸಾಮಾನ್ಯ ಸರ್ವರುಗಳ ಮೇಲೆ ಓಡಿಸಬೇಕು ಎಂಬುದು ಅದರ ಮುಖ್ಯ ಮಾತು. ಹಾಗೆ ಮಾಡಿದರೆ ಫೈರ್‌ವಾಲ್ ಒಂದು ಪ್ರೋಗ್ರಾಂ. ಬೇಕೆಂದಾಗ ಇನ್ನೊಂದು ಪ್ರತಿ ತೆರೆಯಬಹುದು, ಬೇಡವೆಂದಾಗ ಮುಚ್ಚಬಹುದು.

ಆದರೆ ಈ ನೂರಾರು ಪ್ರೋಗ್ರಾಂಗಳನ್ನು ಯಾವುದು ಎಲ್ಲಿ, ಯಾವುದರ ನಂತರ ಯಾವುದು ಎಂದು ನಡೆಸುವವರು ಬೇಕಲ್ಲ? ಆ ಕೆಲಸಕ್ಕೆ ಆರ್ಕೆಸ್ಟ್ರೇಶನ್ ಎಂಬ ಹೆಸರು. ನಮ್ಮ ಊರಿನ ರಾಜ್ಯೋತ್ಸವದ ಆರ್ಕೆಸ್ಟ್ರಾ ನೆನಪಿಸಿಕೊಳ್ಳಿ. ಕೀಬೋರ್ಡಿನವರು, ತಬಲದವರು, ಹಾಡುವವರು ತಮ್ಮ ತಮ್ಮ ಕೆಲಸ ಬಲ್ಲವರೇ. ಯಾರು ಯಾವಾಗ ಶುರು ಮಾಡಬೇಕು ಎಂದು ಕೈ ತೋರಿಸುವವರು ಬೇರೆ.

2017ರ ಫೆಬ್ರವರಿಯಲ್ಲಿ ಲಿನಕ್ಸ್ ಫೌಂಡೇಶನ್ನಿನ ಅಡಿಯಲ್ಲಿ ಎರಡು ಯೋಜನೆಗಳು ಒಂದಾದವು. ಒಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿ ಕಟ್ಟಿದ್ದು, ಇನ್ನೊಂದರಲ್ಲಿ ಚೀನಾ ಮೊಬೈಲ್ ಮುಂತಾದವರಿದ್ದರು. ಹುಟ್ಟಿದ ಹೊಸ ಯೋಜನೆಯ ಹೆಸರು ಓನ್ಯಾಪ್, ಬಿಡಿಸಿದರೆ ಓಪನ್ ನೆಟ್‌ವರ್ಕ್ ಆಟೊಮೇಶನ್ ಪ್ಲಾಟ್‌ಫಾರ್ಮ್. ಭಾರತದ ರಿಲಯನ್ಸ್ ಜಿಯೊ, ಟೆಕ್ ಮಹೀಂದ್ರ ಕೂಡ ಸದಸ್ಯರಾಗಿ ಸೇರಿದ್ದವು. ಇದರ ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಊರುಗಳ ಹೆಸರು: ಆಮ್‌ಸ್ಟರ್‌ಡ್ಯಾಂ, ಬೀಜಿಂಗ್, ಕಾಸಾಬ್ಲಾಂಕಾ, ಡಬ್ಲಿನ್, ಹೀಗೆ. ಎಸ್ ಅಕ್ಷರ ಬಂದಾಗ ಶಿವಮೊಗ್ಗ ಇಡಲಿ ಎಂದು ನನ್ನ ಆಸೆ. ಇದು ಮುಕ್ತ ತಂತ್ರಾಂಶ, ಅದರ ದಾಖಲೆಗಳನ್ನು ಯಾರು ಬೇಕಾದರೂ ಓದಬಹುದು. ಭಾಯಿ ತೋರಿಸಿಕೊಟ್ಟಿದ್ದರಿಂದ ನಾನೂ ಓದಿದೆ. ಅರ್ಧ ಅರ್ಥವಾಯಿತು, ಉಳಿದದ್ದನ್ನು ಅವರು ಫೋನಿನಲ್ಲಿ ಬಿಡಿಸಿ ಹೇಳಿದರು.

ಓನ್ಯಾಪ್‌ನವರು ತೋರಿಸಲು ಇಟ್ಟುಕೊಂಡ ಒಂದು ಪ್ರಯೋಗ ಬಹಳ ಚೆನ್ನಾಗಿದೆ. ಅದರಲ್ಲಿ ಮೂರೇ ಪಾತ್ರ: ಡೇಟಾ ಪೊಟ್ಟಣಗಳನ್ನು ಕಳಿಸುವ ಪ್ರೋಗ್ರಾಂ, ನಡುವೆ ಫೈರ್‌ವಾಲ್, ಕೊನೆಯಲ್ಲಿ ಸ್ವೀಕರಿಸುವ ಪ್ರೋಗ್ರಾಂ. ಕಳಿಸುವವನ ಬಳಿ ಹತ್ತು ಧಾರೆಗಳಿವೆ, ಎಷ್ಟು ಬೇಕಾದರೂ ತೆರೆಯಬಹುದು. ಫೈರ್‌ವಾಲ್ 10 ಸೆಕೆಂಡಿಗೊಮ್ಮೆ ತನ್ನ ಲೆಕ್ಕ ಒಪ್ಪಿಸುತ್ತದೆ. ಇದು ನಿಗಾ. ವಿಶ್ಲೇಷಣೆಯ ಭಾಗ ಆ ಲೆಕ್ಕವನ್ನು ಎರಡು ಗೆರೆಗಳ ಜೊತೆ ತಾಳೆ ನೋಡುತ್ತದೆ: ಕೆಳಗಿನದು 300 ಪೊಟ್ಟಣ, ಮೇಲಿನದು 700. ಗೆರೆ ದಾಟಿದರೆ 'ತೊಂದರೆ ಶುರು' ಎಂಬ ಸಂದೇಶ ಹೊರಡುತ್ತದೆ. ಪಾಲಿಸಿ ಎಂಬ ಭಾಗ ಅದನ್ನು ಓದಿ, ಮೊದಲೇ ಬರೆದಿಟ್ಟ ನಿಯಮದಂತೆ ಧಾರೆಗಳನ್ನು ಐದಕ್ಕೆ ತರಬೇಕು ಎಂದು ಹುಕುಂ ಕೊಡುತ್ತದೆ. ಇನ್ನೊಂದು ಭಾಗ ಹೋಗಿ ಅದನ್ನು ಜಾರಿ ಮಾಡುತ್ತದೆ. ಮನುಷ್ಯ ಎಲ್ಲಿಯೂ ಗುಂಡಿ ಒತ್ತುವುದಿಲ್ಲ.

ಗೆರೆ ಎರಡು ಏಕೆ, ಸರಿಯಾಗಿ 500 ಎಂದು ಒಂದೇ ಇಡಬಾರದೆ? ಟ್ಯಾಂಕಿಗೆ ಹಾಗೆ ಮಾಡಿ ನೋಡಿ. ಒಂದು ಲೋಟ ನೀರು ಇಳಿದರೆ ಮೋಟಾರ್ ಶುರು, ಒಂದು ಲೋಟ ಏರಿದರೆ ಬಂದ್. ಗಂಟೆಗೆ ಐವತ್ತು ಸಲ ಹೀಗಾದರೆ ಮೋಟಾರ್ ಉಳಿಯುತ್ತದೆಯೆ? ಎರಡು ಗೆರೆಗಳ ನಡುವಿನ ಜಾಗ ಸುತ್ತಿಗೆ ಸುಮ್ಮನಿರಲು ಕೊಟ್ಟ ಜಾಗ. ನಮ್ಮ ಪಠ್ಯದಲ್ಲಿ ಬರುವ ವಿನಾಯಿತಿಯ ನಿರ್ವಹಣೆ ಕೂಡ ಇದೇ. ಪ್ರತಿ ಸಣ್ಣ ವ್ಯತ್ಯಾಸಕ್ಕೂ ಮ್ಯಾನೇಜರ್ ಓಡಿ ಬರಬಾರದು, ಮಿತಿ ದಾಟಿದ್ದಕ್ಕೆ ಮಾತ್ರ ಬರಬೇಕು.

ನೂರು ಸುತ್ತುಗಳಿದ್ದರೆ ಅವುಗಳ ಲೆಕ್ಕ ಯಾರದು?

ಇಲ್ಲಿಯವರೆಗೆ ಸುಲಭ. ನಿಜವಾದ ಪಾಠ ಇಲ್ಲಿಂದ ಶುರು.

ಒಂದು ಸುತ್ತು ಬರೆಯುವುದು ಕಷ್ಟವಲ್ಲ. ಆದರೆ ದೊಡ್ಡ ನೆಟ್‌ವರ್ಕಿನಲ್ಲಿ ಸುತ್ತುಗಳು ನೂರಾರು. ಒಂದು ಸುತ್ತಿನ ನಿಗಾ ಭಾಗ ಒಂದು ತಂಡ ಬರೆದದ್ದು, ಹುಕುಂ ಭಾಗ ಇನ್ನೊಂದು ತಂಡದ್ದು, ಜಾರಿ ಭಾಗ ಮೂರನೆಯವರದು. ಈಗ ಯಾವ ಸುತ್ತು ನಡೆಯುತ್ತಿದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾವುದರ ಮಿತಿ ಎಷ್ಟು, ತೊಂದರೆಯಾದರೆ ನಿಲ್ಲಿಸುವ ಗುಂಡಿ ಎಲ್ಲಿದೆ? ಇದಕ್ಕಾಗಿ ಓನ್ಯಾಪ್‌ನಲ್ಲಿ ಕ್ಲ್ಯಾಂಪ್ ಎಂಬ ಪ್ರತ್ಯೇಕ ಭಾಗ ಕಟ್ಟಿದರು. ಅದು ಸುತ್ತಿನ ಕೆಲಸ ಮಾಡುವುದಿಲ್ಲ, ಸುತ್ತುಗಳನ್ನು ನೋಡಿಕೊಳ್ಳುತ್ತದೆ. 2021ರ ಇಸ್ತಾಂಬುಲ್ ಆವೃತ್ತಿಯಲ್ಲಿ ಅದನ್ನು ಹೊಸ ರಚನೆಯಲ್ಲಿ ಕೊಟ್ಟರು. ನನಗೆ ಹಿಡಿಸಿದ್ದು ಆ ರಚನೆ. ನಂತರದ ಆವೃತ್ತಿಗಳಲ್ಲಿ ಹೆಸರುಗಳು ಬದಲಾಗಿವೆ, ಮೂಲ ಯೋಚನೆ ಅದೇ.

ಮೊದಲ ಯೋಚನೆ: ಮಾದರಿ ಬೇರೆ, ಅದರಿಂದ ತೆರೆದ ಸುತ್ತು ಬೇರೆ. ಬ್ಯಾಂಕಿನ ಆರ್‌ಡಿ ಯೋಜನೆ ನೆನಪಿಸಿಕೊಳ್ಳಿ. ಯೋಜನೆಯನ್ನು ಒಂದೇ ಸಲ ರೂಪಿಸುತ್ತಾರೆ, ನಿಯಮಗಳು ಎಲ್ಲರಿಗೂ ಒಂದೇ. ಆಮೇಲೆ ನಾನು ತಿಂಗಳಿಗೆ 500ರ ಖಾತೆ ತೆರೆಯಬಹುದು, ನೀವು 2,000ದ್ದು ತೆರೆಯಬಹುದು. ಇಲ್ಲಿಯೂ ಹಾಗೆ. ಸುತ್ತಿನ ಮಾದರಿಯನ್ನು ಟೋಸ್ಕಾ ಎಂಬ ಪ್ರಮಾಣಿತ ರೂಪದಲ್ಲಿ ಬರೆದು ದಾಖಲಿಸುತ್ತಾರೆ: ಇದರಲ್ಲಿ ಯಾವ ಯಾವ ಭಾಗಗಳಿವೆ, ಯಾವ ಬೆಲೆಗಳು ಎಲ್ಲರಿಗೂ ಸಮಾನ, ಯಾವುವು ಸುತ್ತು ತೆರೆಯುವವರು ತುಂಬಬೇಕಾದವು. ಆಮೇಲೆ ಅದೇ ಮಾದರಿಯಿಂದ ಒಂದು ಊರಿಗೊಂದು, ಇನ್ನೊಂದು ಊರಿಗೊಂದು ಸುತ್ತು ತೆರೆಯಬಹುದು. ಖಾತೆಗಳು ಬಾಕಿ ಇರುವಾಗ ಯೋಜನೆಯನ್ನೇ ಅಳಿಸಲಾಗದಂತೆ, ಸುತ್ತುಗಳು ಉಳಿದಿರುವಾಗ ಮಾದರಿಯನ್ನು ತೆಗೆಯಲು ಬರುವುದಿಲ್ಲ.

ಎರಡನೆಯದು: ಕೆಲಸ ಮಾಡುವವರನ್ನು 'ಪಾರ್ಟಿಸಿಪೆಂಟ್' ಎನ್ನುತ್ತಾರೆ. ಹುಕುಂ ನೋಡಿಕೊಳ್ಳುವ ಪಾರ್ಟಿಸಿಪೆಂಟ್ ಒಂದು, ಪ್ರೋಗ್ರಾಂಗಳನ್ನು ಸರ್ವರಿನಲ್ಲಿ ಸ್ಥಾಪಿಸುವುದು ಇನ್ನೊಂದು. ಕ್ಲ್ಯಾಂಪ್ ಇವರ ಹತ್ತಿರ ನೇರವಾಗಿ ಹೋಗಿ ಕೈ ಹಿಡಿದು ಕೆಲಸ ಮಾಡಿಸುವುದಿಲ್ಲ. ನಡುವೆ ಒಂದು ಸಂದೇಶ ವ್ಯವಸ್ಥೆ ಇದೆ, ಅದು ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ಇದ್ದಂತೆ. ಕ್ಲ್ಯಾಂಪ್ ಸಂದೇಶ ಅಂಟಿಸುತ್ತದೆ, ಸಂಬಂಧಪಟ್ಟ ಪಾರ್ಟಿಸಿಪೆಂಟ್ ಓದಿ ತನ್ನ ಪಾಲಿನ ಕೆಲಸ ಮಾಡಿ ಉತ್ತರ ಅಂಟಿಸುತ್ತದೆ. ಹೊಸ ಪಾರ್ಟಿಸಿಪೆಂಟ್ ಬಂದರೆ ತನ್ನ ಹೆಸರು ನೋಂದಾಯಿಸಿದರೆ ಸಾಕು, ಉಳಿದವರನ್ನು ಬದಲಾಯಿಸಬೇಕಾಗಿಲ್ಲ. ಎಲ್ಲರೂ ಆಗಾಗ 'ನಾನಿದ್ದೇನೆ' ಎಂದು ಹಾಜರಿ ಕೊಡುತ್ತಿರಬೇಕು. ಹಾಜರಿ ನಿಂತರೆ ಮೇಲ್ವಿಚಾರಣೆಗೆ ಗೊತ್ತಾಗುತ್ತದೆ. ನಮ್ಮ ಟ್ಯಾಂಕಿನ ಸೆನ್ಸಾರಿಗೆ ಹಾಜರಿ ಪದ್ಧತಿ ಇರಲಿಲ್ಲ ಎಂಬುದು ಈಗ ಹೊಳೆಯುತ್ತದೆ. ಆದರೆ ಅದು ಇದ್ದಿದ್ದರೂ ಸುಳ್ಳು ಹಾಜರಿ ಆಗುತ್ತಿತ್ತೇನೋ. ಸೆನ್ಸಾರ್ ಇತ್ತು, ಕುರುಡಾಗಿತ್ತು ಅಷ್ಟೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಸುತ್ತಿಗೆ ಶುರು ಮತ್ತು ಬಂದ್ ಎಂಬ ಎರಡೇ ಸ್ಥಿತಿಗಳಿಲ್ಲ, ಮೂರಿವೆ. ಒಂದು, ಇನ್ನೂ ಸಿದ್ಧವಾಗಿಲ್ಲ. ಎರಡು, 'ಪ್ಯಾಸಿವ್': ಎಲ್ಲ ಭಾಗಗಳೂ ತಮ್ಮ ತಮ್ಮ ಜಾಗದಲ್ಲಿ ಕುಳಿತಿವೆ, ಆದರೆ ಸುತ್ತು ಕೆಲಸ ಶುರು ಮಾಡಿಲ್ಲ. ಅಂಗಡಿಯೊಳಗೆ ಸಾಮಾನು ಜೋಡಿಸಿ, ದೀಪ ಹಾಕಿ, ಶಟರ್ ಮಾತ್ರ ಎತ್ತದೆ ಇರುವ ಹಾಗೆ. ಮೂರು, ನಡೆಯುತ್ತಿದೆ. ತೊಂದರೆ ಕಂಡರೆ ಸುತ್ತನ್ನು ಕಿತ್ತೆಸೆಯಬೇಕಾಗಿಲ್ಲ, ಶಟರ್ ಇಳಿಸಿ ಪ್ಯಾಸಿವ್‌ಗೆ ತರಬಹುದು, ನೋಡಿ ಸರಿಪಡಿಸಿ ಮತ್ತೆ ಎತ್ತಬಹುದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ನಡೆ' ಎಂದು ಆದೇಶ ಕೊಟ್ಟ ಕ್ಷಣಕ್ಕೇ ಅದು ನಡೆಯುತ್ತಿದೆ ಎಂದು ಕ್ಲ್ಯಾಂಪ್ ಬರೆದುಕೊಳ್ಳುವುದಿಲ್ಲ. ಆದೇಶದ ಸ್ಥಿತಿ ಒಂದು ಕಡೆ, ನಿಜವಾದ ಸ್ಥಿತಿ ಇನ್ನೊಂದು ಕಡೆ ಇರುತ್ತದೆ. ಎಲ್ಲ ಭಾಗಗಳಿಂದ 'ಆಯಿತು' ಎಂದು ಉತ್ತರ ಬರುವವರೆಗೆ ಆ ಸುತ್ತು ನಡುವಿನ ಸ್ಥಿತಿಯಲ್ಲಿದೆ ಎಂದೇ ತೋರಿಸುತ್ತದೆ. ಇದನ್ನು ಓದಿದಾಗ ನನಗೆ ಪ್ರಥಮ ಪಿಯುಸಿಯ ಬಿಆರ್‌ಎಸ್ ನೆನಪಾಯಿತು. ನಮ್ಮ ನಗದು ಪುಸ್ತಕದಲ್ಲಿ ಚೆಕ್ ಜಮಾ ಆಗಿದೆ, ಪಾಸ್ ಪುಸ್ತಕದಲ್ಲಿ ಆಗಿಲ್ಲ. ಯಾರೂ ಸುಳ್ಳು ಬರೆದಿಲ್ಲ, ಚೆಕ್ ದಾರಿಯಲ್ಲಿದೆ. ಎರಡು ಪುಸ್ತಕಗಳನ್ನು ಹೊಂದಿಸುವುದಕ್ಕೆ ನಾವು ರಿಕನ್ಸಿಲಿಯೇಷನ್ ಎನ್ನುತ್ತೇವೆ. 2014ರಲ್ಲಿ ಗೂಗಲ್ ಹೊರತಂದ ಕುಬರ್‌ನೆಟೀಸ್ ಎಂಬ ತಂತ್ರಾಂಶವಿದೆ, ಇಂದು ಬಹಳಷ್ಟು ಸರ್ವರುಗಳನ್ನು ನಡೆಸುವುದು ಅದೇ. ಅದರೊಳಗೂ ಇಂತಹ ಸುತ್ತುಗಳಿವೆ. ಈ ಪ್ರೋಗ್ರಾಮಿನ ಮೂರು ಪ್ರತಿ ಸದಾ ಇರಬೇಕು ಎಂದು ಬರೆದಿಟ್ಟರೆ, ಎರಡೇ ಇರುವುದು ಕಂಡಾಗ ಇನ್ನೊಂದನ್ನು ತಾನೇ ತೆರೆಯುತ್ತದೆ. ಆ ಹೆಜ್ಜೆಗೆ ಅವರು ಇಟ್ಟ ಹೆಸರು ಏನು ಗೊತ್ತೆ? ರಿಕನ್ಸೈಲ್. ಸೆಮಿನಾರಿನಲ್ಲಿ ಇದನ್ನು ಹೇಳಿದಾಗ ಅಕೌಂಟೆನ್ಸಿ ಸರ್ ಮುಖದಲ್ಲಿ ಬಂದ ನಗು ಸೈನ್ಸ್‌ನವರೂ ನೋಡಿದರು.

ಕಾವಲು

ಹುಕುಂ ಕೊಡುವ ನಿಯಮದ ಮೇಲೆ ಇನ್ನೊಂದು ನಿಯಮ ಇರಬಹುದು. ಓನ್ಯಾಪ್‌ನಲ್ಲಿ ಅದಕ್ಕೆ 'ಗಾರ್ಡ್' ಎನ್ನುತ್ತಾರೆ, ಕಾವಲು ನಿಯಮ. ಒಂದು ಬಗೆಯ ಕಾವಲು ಎಣಿಕೆಯದು: ಇಷ್ಟು ಸಮಯದೊಳಗೆ ಈ ಕೆಲಸವನ್ನು ಇಷ್ಟು ಸಲಕ್ಕಿಂತ ಹೆಚ್ಚು ಮಾಡುವಂತಿಲ್ಲ. ಉದಾಹರಣೆಗೆ, ಕೆಟ್ಟ ಪ್ರೋಗ್ರಾಮನ್ನು ಮರುಚಾಲನೆ ಮಾಡುವ ಸುತ್ತು ಇದೆ ಎಂದುಕೊಳ್ಳಿ. ಒಂದು ಸಲ ಮಾಡಿದರೂ ಸರಿಹೋಗಲಿಲ್ಲ, ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲಿಂದ? ಕಾವಲು ಅಡ್ಡ ನಿಂತರೆ ಮನುಷ್ಯನಿಗೆ ಕರೆ ಹೋಗುತ್ತದೆ. ಇನ್ನೊಂದು ಬಗೆ ಕನಿಷ್ಠ ಗರಿಷ್ಠದ್ದು: ಪ್ರತಿಗಳು ಇಷ್ಟಕ್ಕಿಂತ ಕಡಿಮೆಯಾಗುವಂತಿಲ್ಲ, ಇಷ್ಟಕ್ಕಿಂತ ಹೆಚ್ಚಾಗುವಂತಿಲ್ಲ.

ಷೇರು ಮಾರುಕಟ್ಟೆ ಓದಿದವರಿಗೆ ಇದು ಹೊಸದಲ್ಲ. ನಮ್ಮ ದೇಶದ ಷೇರು ವಿನಿಮಯ ಕೇಂದ್ರಗಳಲ್ಲಿ ಸೂಚ್ಯಂಕ ಶೇ. 10, 15, 20ರಷ್ಟು ಏರಿದರೆ ಅಥವಾ ಇಳಿದರೆ ವ್ಯವಹಾರ ನಿಲ್ಲುವ ಸರ್ಕಿಟ್ ಬ್ರೇಕರ್ ಪದ್ಧತಿ 2001ರಿಂದ ಇದೆ. 2020ರ ಮಾರ್ಚ್ 23ರ ಬೆಳಿಗ್ಗೆ ಸೂಚ್ಯಂಕ ಶೇ. 10ರಷ್ಟು ಕುಸಿದಾಗ 45 ನಿಮಿಷ ವ್ಯವಹಾರ ನಿಂತಿತು. ಕಂಪ್ಯೂಟರುಗಳು ಬೆಲೆ ಇಳಿದದ್ದು ನೋಡಿ ಮಾರುತ್ತವೆ, ಮಾರಿದ್ದರಿಂದ ಬೆಲೆ ಇನ್ನೂ ಇಳಿಯುತ್ತದೆ, ಇಳಿದದ್ದು ನೋಡಿ ಮತ್ತೆ ಮಾರುತ್ತವೆ. ಒಂದೊಂದೂ ತನ್ನ ಲೆಕ್ಕದಲ್ಲಿ ಸರಿ. ಎಲ್ಲ ಸೇರಿದಾಗ ಏನಾಗುತ್ತಿದೆ ಎಂದು ನೋಡುವ ಕಣ್ಣು ಬೇರೆ ಇರಬೇಕು.

2021ರ ಅಕ್ಟೋಬರ್ 4

ಹಾಗೆ ನೋಡುವ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆಟ್‌ವರ್ಕ್ ಲೋಕದ ದೊಡ್ಡ ಉದಾಹರಣೆ ಆ ದಿನದ್ದು. ಭಾರತದಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ನಿಂತವು, ಸುಮಾರು ಆರು ಗಂಟೆ. ಕಂಪನಿಯೇ ಮರುದಿನ ಕಾರಣ ಬರೆದು ಪ್ರಕಟಿಸಿತು.

ಅವರ ದೊಡ್ಡ ಡೇಟಾ ಕೇಂದ್ರಗಳನ್ನು ಜೋಡಿಸುವ ಒಳಜಾಲವಿದೆ. ಅದರ ಸಾಮರ್ಥ್ಯ ಎಷ್ಟಿದೆ ಎಂದು ನೋಡಲು ನಿರ್ವಹಣೆಯ ಸಮಯದಲ್ಲಿ ಕೊಟ್ಟ ಒಂದು ಆದೇಶ, ಉದ್ದೇಶವಿಲ್ಲದೆ ಇಡೀ ಒಳಜಾಲವನ್ನೇ ಕಡಿದುಹಾಕಿತು. ಇಂತಹ ಆದೇಶವನ್ನು ತಡೆಯಲೆಂದೇ ಒಂದು ಪರಿಶೀಲನಾ ಸಾಧನ ಇತ್ತು. ಅದರಲ್ಲಿಯೇ ದೋಷವಿದ್ದು ತಡೆಯಲಿಲ್ಲ. ಕಾವಲುಗಾರ ಇದ್ದ, ನಿದ್ದೆ ಮಾಡುತ್ತಿದ್ದ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಕಂಪನಿಯೊಳಗಿನ ತೊಂದರೆಯಾಗಿ ಉಳಿಯುತ್ತಿತ್ತೋ ಏನೋ. ಆದರೆ ಜಗತ್ತಿನ ಬೇರೆ ಬೇರೆ ಕಡೆ ಅವರ ಸಣ್ಣ ಕೇಂದ್ರಗಳಿದ್ದವು. ಅಲ್ಲಿಯ ಡಿಎನ್‌ಎಸ್ ಸರ್ವರುಗಳು ನಮ್ಮ ಫೋನು ಕೇಳಿದಾಗ 'ಈ ಹೆಸರಿನ ವಿಳಾಸ ಇದು' ಎಂದು ಹೇಳುವ ಡೈರೆಕ್ಟರಿಗಳು. ಅವುಗಳಲ್ಲಿ ಒಂದು ನಿಯಂತ್ರಣ ಸುತ್ತು ಇತ್ತು: ನನಗೆ ಡೇಟಾ ಕೇಂದ್ರದ ಜೊತೆ ಮಾತಾಡಲು ಆಗದಿದ್ದರೆ ನನ್ನ ಸಂಪರ್ಕ ಕೆಟ್ಟಿದೆ ಎಂದರ್ಥ, ಆಗ ನನ್ನ ಕಡೆ ಬರುವ ದಾರಿಯನ್ನು ಇಂಟರ್ನೆಟ್ಟಿನಿಂದ ಹಿಂದಕ್ಕೆ ತೆಗೆದುಕೊಳ್ಳಬೇಕು. ಬಹಳ ಒಳ್ಳೆಯ ನಿಯಮ. ಒಂದು ಕೇಂದ್ರ ಕೆಟ್ಟರೆ ಜನ ಬೇರೆ ಕೇಂದ್ರಕ್ಕೆ ಹೋಗುತ್ತಾರೆ. ಆದರೆ ಆ ರಾತ್ರಿ ಒಳಜಾಲವೇ ಇಲ್ಲದ ಕಾರಣ ಪ್ರತಿಯೊಂದು ಕೇಂದ್ರವೂ 'ಕೆಟ್ಟಿರುವುದು ನಾನೇ' ಎಂದುಕೊಂಡಿತು. ಎಲ್ಲವೂ ಒಟ್ಟಿಗೆ ದಾರಿ ಹಿಂತೆಗೆದುಕೊಂಡವು. ಸರ್ವರುಗಳು ಚೆನ್ನಾಗಿಯೇ ನಡೆಯುತ್ತಿದ್ದವು, ಅವುಗಳ ಹತ್ತಿರ ಹೋಗುವ ದಾರಿ ಮಾತ್ರ ಇರಲಿಲ್ಲ. ಕಂಪನಿಯ ಎಂಜಿನಿಯರುಗಳು ಬಳಸುವ ಒಳಗಿನ ಸಾಧನಗಳೂ ನಿಂತವು. ಜನರನ್ನು ಡೇಟಾ ಕೇಂದ್ರಕ್ಕೇ ಕಳಿಸಬೇಕಾಯಿತು. ಅಲ್ಲಿಯ ಭದ್ರತೆ ಎಷ್ಟು ಬಿಗಿ ಎಂದರೆ ಒಳಗೆ ಹೋಗುವುದಕ್ಕೇ ಸಮಯ ಹಿಡಿಯಿತು. ದೊಡ್ಡ ವೈಫಲ್ಯಗಳ ಅಣಕು ಕವಾಯತು ಅವರು ಮೊದಲಿಂದಲೂ ಮಾಡುತ್ತಿದ್ದರು, ಆದರೆ ಇಡೀ ಒಳಜಾಲ ಹೋದರೆ ಎಂಬ ಕವಾಯತು ಮಾಡಿರಲಿಲ್ಲ ಎಂದು ಅವರೇ ಬರೆದಿದ್ದಾರೆ.

ಇದನ್ನು ಓದಿ ನಾನು ಭಾಯಿಗೆ ಫೋನು ಮಾಡಿ, "ಕ್ಲ್ಯಾಂಪ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಲ್ಲವಾ?" ಎಂದು ಕೇಳಿದೆ. "ಹಾಗೆ ಹೇಳಬೇಡ ಬೇಟಾ" ಎಂದರು. "ಅವರದು ಬೇರೆ ವ್ಯವಸ್ಥೆ. ಯಾವ ಸಾಫ್ಟ್‌ವೇರ್ ಹಾಕಿದರೂ, ಎಲ್ಲ ಕೇಂದ್ರಗಳೂ ಒಂದೇ ಸಲ ಕಾಯಿಲೆ ಅಂದರೆ ಏನು ಮಾಡಬೇಕು ಅಂತ ಯಾರಾದರೂ ಮೊದಲೇ ಕುಳಿತು ಬರೆದಿರಬೇಕು. ಬರೆಯದಿದ್ದರೆ ಕ್ಲ್ಯಾಂಪ್ ಏನು ಮಾಡುತ್ತೆ?" ನನಗೆ ಅನಿಸುವುದು, ಅಂತಹ ನಿಯಮ ಬರೆಯುವುದು ಕಷ್ಟವಲ್ಲ. ಹತ್ತರಲ್ಲಿ ಒಂದು ಕೇಂದ್ರ ಕಾಯಿಲೆ ಎಂದರೆ ನಂಬು. ಹತ್ತಕ್ಕೆ ಹತ್ತೂ ಎಂದರೆ ಕೇಂದ್ರಗಳನ್ನಲ್ಲ, ಥರ್ಮಾಮೀಟರನ್ನು ಅನುಮಾನಿಸು, ಎಲ್ಲ ಸುತ್ತುಗಳನ್ನೂ ಪ್ಯಾಸಿವ್‌ಗೆ ತಂದು ಮನುಷ್ಯರನ್ನು ಕರೆ. ಆದರೆ ಒಂದೊಂದು ಕೇಂದ್ರದೊಳಗೆ ಕುಳಿತ ಸುತ್ತಿಗೆ ಉಳಿದ ಒಂಬತ್ತು ಕಾಣುವುದಿಲ್ಲ. ಮೇಲೆ ಕುಳಿತು ಹತ್ತನ್ನೂ ನೋಡುವ ಜಾಗವೊಂದು ರಚನೆಯಲ್ಲಿಯೇ ಇದ್ದರೆ ಮಾತ್ರ ಆ ನಿಯಮವನ್ನು ಎಲ್ಲಿ ಬರೆಯುವುದು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಸೆಮಿನಾರಿನ ಕೊನೆಗೆ ಬಂದ ಒಂದು ಪ್ರಶ್ನೆ ನನಗೆ ಚುಚ್ಚಿತು. "ಎಲ್ಲವೂ ತಾನೇ ನಡೆದರೆ ನಿಮ್ಮ ಭಾಯಿ ಕೆಲಸ ಉಳಿಯುತ್ತಾ?" ಮನೆಯಲ್ಲಿ ಖಾಲಾ ಕೂಡ ಇದನ್ನೇ ಕೇಳುತ್ತಿರುತ್ತಾರೆ. ಭಾಯಿ ಮೊದಲು ರಾತ್ರಿ ಪಾಳಿಯಲ್ಲಿ ಕೆಂಪು ದೀಪ ಬಂದಾಗಲೆಲ್ಲ ಮರುಚಾಲನೆ ಕೊಡುತ್ತಿದ್ದರು. ಈಗ ಆ ಕೆಲಸವನ್ನು ಸುತ್ತು ಮಾಡುತ್ತದೆ. ಅವರ ಜೊತೆಗಿದ್ದ ಇಬ್ಬರನ್ನು ಬೇರೆ ವಿಭಾಗಕ್ಕೆ ಹಾಕಿದರು, ಒಬ್ಬರು ಬಿಟ್ಟೇ ಹೋದರು. ಭಾಯಿ ಈಗ ಮಿತಿಗಳನ್ನು ಬರೆಯುವ ತಂಡದಲ್ಲಿದ್ದಾರೆ. ಅವರು ಬರೆದ ಪ್ರತಿ ಮಿತಿಯನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಜಾರಿ. ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಮಂಜೂರು ಮಾಡುವ ಹಾಗೆ. ಕೆಲಸ ಉಳಿಯುತ್ತದೆಯೆ ಎಂಬುದಕ್ಕೆ ನಾನು ಅಂದು ಕೊಟ್ಟ ಉತ್ತರ ಅರ್ಧಂಬರ್ಧ, ಇಂದಿಗೂ ಅಷ್ಟೇ ಇದೆ. ಗುಂಡಿ ಒತ್ತುವ ಕೆಲಸ ಹೋಗುತ್ತದೆ, ಮಿತಿ ಎಷ್ಟು ಎಂದು ಬರೆದು ಕೆಳಗೆ ಹೆಸರು ಹಾಕುವ ಕೆಲಸ ಇರುತ್ತದೆ. ಆದರೆ ಮೊದಲನೆಯದಕ್ಕೆ ಹತ್ತು ಜನ ಬೇಕಿತ್ತು, ಎರಡನೆಯದಕ್ಕೆ ಮೂರೇ ಸಾಕು.

ನಮ್ಮ ಮನೆಗೆ ಈಗ ಹೊಸ ಕಂಟ್ರೋಲರ್ ಬಂದಿದೆ. ಸಂಪಿನಲ್ಲಿಯೂ ಒಂದು ಸೆನ್ಸಾರ್ ಇದೆ, ಅಲ್ಲಿ ನೀರಿಲ್ಲದಿದ್ದರೆ ಮೋಟಾರ್ ಓಡುವುದಿಲ್ಲ. ಜೊತೆಗೆ, ಟ್ಯಾಂಕ್ ಏನೇ ಹೇಳಲಿ, 40 ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಓಡುವಂತಿಲ್ಲ ಎಂಬ ಮಿತಿ. ಟ್ಯಾಂಕ್ ತುಂಬಲು ಎಷ್ಟು ಹೊತ್ತು ಬೇಕು ಎಂದು ನಾನೇ ಮೂರು ಸಲ ಗಡಿಯಾರ ಹಿಡಿದು ಅಳೆದೆ, 31 ನಿಮಿಷ ಬಂತು. ಅದಕ್ಕೆ 40 ಎಂದು ಇಟ್ಟೆ. ಪ್ರತಿ ತಿಂಗಳ ಮೊದಲ ಭಾನುವಾರ ಏಣಿ ಹತ್ತಿ ಸೆನ್ಸಾರ್ ಒರೆಸುತ್ತೇನೆ. ಇಳಿದು ಬಂದ ಮೇಲೆ ಅಬ್ಬಾ ತಮ್ಮ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಪುಟ ತೆರೆದು ಕೊಡುತ್ತಾರೆ. ಅಲ್ಲಿ ತಾರೀಖು ಬರೆದು ಸಹಿ ಹಾಕಬೇಕು.